ದನದ ಡಾಕ್ಟರ ಎದೆಯುರಿ, ಬೀಗರ ಊಟ

ನಮ್ಮ ಕಡೆ ಜ್ವರ ಅಂದರೆ "ಆಸ್ಪತ್ರೆಗೆ ಓಗಿ" ಅಂತಾರೆ. ಕಾಲು ಉಳುಕಿದೆ ಅಂದರೆ "ಅಯ್ಯೋ ಪಾಪ" ಅಂತಾರೆ. ಎದೆಯುರಿ ಅಂದು ನೋಡಿ, ಎದುರಿಗಿದ್ದವರು ನಿಂತ ಜಾಗದಲ್ಲೇ ಡಾಕ್ಟರಾಗಿಬಿಡುತ್ತಾರೆ. ಬಸ್ಸಲ್ಲಿ ಪಕ್ಕದ ಸೀಟಿನವರು, ಕಟಿಂಗ್ ಶಾಪಿನವರು, ಗ್ಯಾಸ್ ಸಿಲಿಂಡರ್ ತಂದವರು, ಯಾರಿಗೆ ಹೇಳಿದರೂ ಒಂದು ಔಷಧಿ ಗ್ಯಾರಂಟಿ. ಒಬ್ಬರು ತಣ್ಣನೆ ಹಾಲು ಕುಡೀರಿ ಅಂದರೆ ಇನ್ನೊಬ್ಬರು ಹಾಲು ಮುಟ್ಟಲೇಬೇಡಿ ಅಂತಾರೆ. ಇಬ್ಬರ ಭಾವಮೈದುನರಿಗೂ ಅದರಿಂದಲೇ ವಾಸಿಯಾಗಿರುತ್ತದೆ.

ನಾನು ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರು. ಡಾಕ್ಟರಿಕೆ ಓದಿದವನಲ್ಲ. ಆದರೆ ಹಳ್ಳಿಗೆ ಸೂಜಿ ಹಿಡಿದು ಹೋದವನೆಲ್ಲ ಡಾಕ್ಟರೇ ಆದ್ದರಿಂದ ಜನ ನನ್ನನ್ನೂ ಹಾಗೇ ಕರೆಯುತ್ತಾರೆ, ನಾನೂ ಬೇಡ ಅನ್ನುವುದಿಲ್ಲ. ಮನೆ ಶ್ರೀರಂಗಪಟ್ಟಣದಲ್ಲಿ. ಕೆಲಸ ಪಾಂಡವಪುರ, ಕೆ.ಆರ್. ಪೇಟೆ ಸುತ್ತಿ ಈಗ ನಾಗಮಂಗಲ ತಾಲ್ಲೂಕಿಗೆ ಬಂದು ನಿಂತಿದೆ. ಮಗಳ ಮದುವೆಗೆ ಮುಂಚಿನ ಎರಡೂವರೆ ತಿಂಗಳು ನಾನು ಪಟ್ಟ ಪಾಡಿನಲ್ಲಿ ಅರ್ಧ ಎದೆಯುರಿಯದು, ಇನ್ನರ್ಧ ಅದಕ್ಕೆ ಔಷಧಿ ಹೇಳಿದವರದು.

ಎಲೆಯಲ್ಲಿ ಬಿಟ್ಟ ಮೂರು ತುಂಡು

ಮೊದಲು ಒಂದು ಹಳೇ ಕಥೆ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಮದುವೆ ಆಯಿತು. ಹೆಣ್ಣಿನ ಮನೆ ಪಾಂಡವಪುರದ ಹತ್ತಿರ. ಅಲ್ಲಿ ಬೀಗರ ಊಟಕ್ಕೆ ನಮ್ಮ ಕಡೆಯ ಹಿರಿಯರಾಗಿ ಕೂತವರು ನನ್ನ ಸೋದರಮಾವ. ಹೆಣ್ಣು ಕೊಟ್ಟ ಮಾವನವರು ಮನೆಯಲ್ಲಿ ಸಾಕಿದ ಎರಡು ಮರಿ ಕಡಿದು, ನಿಂತು ಬಡಿಸಿದರು. ಸೋದರಮಾವ ಏನು ಮಾಡಿದರು? ಅರ್ಧ ಮುದ್ದೆ, ಮೂರು ತುಂಡು ಮಾಂಸ ಎಲೆಯಲ್ಲೇ ಬಿಟ್ಟು ಎದ್ದರು. ಅಷ್ಟೇ. ಬೀಗರ ಊಟದಲ್ಲಿ ಎಲೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ಅವಮಾನ.

ಅವತ್ತಿಂದ ನಮ್ಮ ಮನೆಯಲ್ಲಿ ಯಾವ ಜಗಳ ಎಲ್ಲೇ ಶುರುವಾಗಲಿ, ಅಲ್ಲಿಗೇ ಬಂದು ನಿಲ್ಲುತ್ತದೆ. ಗ್ಯಾಸ್ ಮುಗಿದಿದೆ ಅಂತ ಶುರುವಾಗುತ್ತದೆ, "ಮರಿ ಕಡುದು ಬಡ್ಸುದ್ರೆ ಎಲೇಲಿ ಬುಟ್ಟೆದ್ದ ಜನ ನೀವು, ನಿಮ್ಗೆ ಅನ್ನದ್ ಬೆಲೆ ಏನ್ ಗೊತ್ತು" ಅಂತ ಮುಗಿಯುತ್ತದೆ. ಸೋದರಮಾವನ ಎದುರಿಗೇ ಎಷ್ಟೋ ಸಲ ಅಂದಿದ್ದಾಳೆ ನನ್ನ ಹೆಂಡತಿ. ಅವರು ಚಪ್ಪಲಿ ನೋಡಿಕೊಂಡು ನಗುತ್ತಾರೆ. "ಯಾಕ್ ಬುಟ್ರಿ ಮಾವ?" ಅಂತ ನಾನು ಕೇಳಿದರೆ, "ತಿನ್ನಕಾಗ್ನಿಲ್ಲ ಕಣ್ಲಾ" ಅನ್ನುತ್ತಾರೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಿದವರಲ್ಲ.

ಈಗ ನನ್ನ ಮಗಳ ಸರದಿ. ಗಂಡಿನ ಮನೆ ಬಿಂಡಿಗನವಿಲೆ ಕಡೆ. ಬೀಗರು ಕುರಿ ಸಾಕಿದವರು, ಕೈ ದೊಡ್ಡದು. ಮಾತುಕತೆಗೆ ಹೋದಾಗ, ಶಾಸ್ತ್ರಕ್ಕೆ ಹೋದಾಗ, ಸುಮ್ಮನೆ ಹೋದಾಗ, ಪ್ರತಿ ಸಲವೂ ಬಾಡೂಟ. ಬೀಗರು ನನ್ನ ಪಕ್ಕದಲ್ಲೇ ಕೂತು, "ನೀವ್ ಆಕಿಸ್ಕಂಡ್ರೆ ನಾನೂ ಆಕಿಸ್ಕತೀನಿ ಬೀಗ್ರೆ" ಅಂತ ಪಂದ್ಯ ಕಟ್ಟಿದ ಹಾಗೆ ತಿನ್ನುತ್ತಿದ್ದರು. ಆಗಾಗ ಟವಲ್ಲಿನಲ್ಲಿ ಎದೆ ಒರೆಸಿಕೊಳ್ಳುತ್ತಿದ್ದರು, ಖಾರಕ್ಕೆ ಬೆವರುತ್ತಾರೆ ಅಂದುಕೊಂಡಿದ್ದೆ. ಊಟ ಆದ ಮೇಲೆ "ಕುರಿ ನೋಡ್ಕಂಡ್ ಬತ್ತೀನಿ" ಅಂತ ಹಟ್ಟಿಗೆ ಹೋಗಿ, ಹತ್ತು ನಿಮಿಷಕ್ಕೆ ತಣ್ಣಗೆ ವಾಪಸು ಬರುತ್ತಿದ್ದರು. ಏನು ಹೊಟ್ಟೆಯಪ್ಪಾ ಇವರದು ಅಂತ ನಾನು ಮನೆಗೆ ಬಂದು ಮೂರು ದಿನ ಎದೆ ಹಿಡಿದುಕೊಂಡು ಕೂರುತ್ತಿದ್ದೆ.

ಮದುವೆ ಗೊತ್ತಾದ ದಿನ ಬೀಗರು ಹೇಳಿದರು: "ಮದ್ವೆ ಆಗಿ ಮೂರನೇ ದಿನ ನಮ್ಮೂರಲ್ಲಿ ಬೀಗರ ಊಟ. ನಾವಿಬ್ರೂ ಒಟ್ಗೆ ಮೊದಲ್ನೇ ತುತ್ತು ತಿನ್ಬೇಕು, ಆಮ್ಯಾಕೆ ಪಂಕ್ತಿ."

ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಪ್ಪಾ, ನಿಮ್ಮ ಎದೆಯುರಿ ಏನಾದ್ರೂ ಮಾಡ್ಕೊಳ್ಳಿ. ಎಲೇಲಿ ಮಾತ್ರ ಬಿಡಬೇಡಿ. ಅಮ್ಮ ಒಬ್ಬಳೇ ನಿಮಗೆ ಇಪ್ಪತ್ತೆಂಟು ವರ್ಷ ಅಂದಿದ್ದಾಳೆ. ನನಗೆ ಅನ್ನೋಕೆ ಅಲ್ಲಿ ಇಡೀ ಊರೇ ಇದೆ."

ಅವಳು ತಮಾಷೆಗೆ ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ನನಗೆ ಎದೆಯುರಿಯ ಜೊತೆಗೆ ಎದೆ ನೋವೂ ಆಯಿತು. ಇನ್ನು ಹತ್ತು ವಾರದೊಳಗೆ ವಾಸಿ ಮಾಡಿಕೊಳ್ಳಲೇಬೇಕು ಅಂತ ತೀರ್ಮಾನ ಮಾಡಿದೆ.

ಒಂಬತ್ತು ಮನೆ ಕಾಫಿ

ಎದೆಯುರಿಗೆ ಮೂಲ ನನ್ನ ಕೆಲಸವೇ. ಕಾಲುಬಾಯಿ ರೋಗದ ಲಸಿಕೆ ಹಾಕಲು ಒಂದು ಊರಿಗೆ ಹೋದರೆ ಪ್ರತಿ ಮನೆಯಲ್ಲೂ ಕಾಫಿ. ಒಂದು ಸಲ ಒಂದು ಮನೆಯಲ್ಲಿ "ಈಗ ತಾನೇ ಪಕ್ಕದ ಮನೇಲಿ ಕುಡಿದೆ, ಬೇಡಮ್ಮ" ಅಂದುಬಿಟ್ಟೆ. ಆ ಎರಡು ಮನೆಗೂ ಕೊಟ್ಟಿಗೆ ಗೋಡೆ ವಿಷಯಕ್ಕೆ ಮಾತಿಲ್ಲ ಅಂತ ನನಗೇನು ಗೊತ್ತು? ಆ ಯಜಮಾನರು ಹಗ್ಗ ಹಿಡಿದಿದ್ದ ಎಮ್ಮೆಯನ್ನು ಅಲ್ಲಿಂದಲೇ ತಿರುಗಿಸಿದರು. "ಅವ್ರ್ ಮನೆ ಕಾಫಿ ಆಯ್ತದೆ, ನಮ್ಮನೇದು ಆಗಕಿಲ್ಲ. ಅಂಗಾರೆ ಅವ್ರ್ ಎಮ್ಮೆಗೇ ಎರಡ್ ಸೂಜಿ ಚುಚ್ಬುಡಿ" ಅಂದರು.

ಅವತ್ತಿಂದ ಎಲ್ಲ ಮನೆಯಲ್ಲೂ ಕುಡಿಯುತ್ತೇನೆ. ಒಂಬತ್ತು ಮನೆ, ಒಂಬತ್ತು ಲೋಟ.

ಈಗ ಬಿಡಬೇಕಲ್ಲ? ಊರ ಬಾಗಿಲಲ್ಲೇ ಹಾಲಿನ ಡೈರಿ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನೋಡ್ರಪ್ಪ, ನಂಗೆ ಎದೆಯುರಿ. ಇವತ್ತಿಂದ ಯಾರ ಮನೇಲೂ ಕಾಫಿ ಕುಡಿಯಲ್ಲ. ಯಾರೂ ಬೇಜಾರು ಮಾಡ್ಕೋಬಾರ್ದು."

ಜನ ಬಹಳ ಒಳ್ಳೆಯವರು, ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲನೇ ಮನೆಯವರು ಕಾಫಿ ಬದಲು ಜೀರಿಗೆ ಕಷಾಯ ತಂದರು. ಎರಡನೆಯವರು ಶುಂಠಿ ಕಷಾಯ. ಮೂರನೆಯವರು ಎಳನೀರು ಕೆಡವಿಸಿದರು. ನಾಲ್ಕನೆಯವರು ನಿಂಬೆಹಣ್ಣಿನ ಪಾನಕ. ಒಂಬತ್ತನೇ ಮನೆಯಲ್ಲಿ ಹೊಟ್ಟೆ ನಗಾರಿಯಾಗಿ ನಾನು ಜಗಲಿಯ ಮೇಲೆ ಒರಗಿಕೊಂಡಿದ್ದೆ. ಆ ಮನೆಯಮ್ಮ ನನ್ನ ಮುಖ ನೋಡಿ ಮರುಗಿದಳು. "ಅಯ್ಯೋ, ಆ ಕಂಡಕಂಡ ಕಷಾಯ ಎಲ್ಲಾ ಯಾಕ್ ಕುಡಿಯಾಕ್ ಓದ್ರಿ ಡಾಕ್ಟ್ರೇ? ತಡೀರಿ, ಬಾಯ್ ರುಚಿಗೆ ಒಂದ್ ಲೋಟ ಕಾಫಿ ಮಾಡ್ತೀನಿ."

ಡಾಕ್ಟರ ನಾಯಿ

ಇದು ಮನೆಮದ್ದಿನಲ್ಲಿ ಮುಗಿಯುವುದಿಲ್ಲ ಅಂತ ಕೆ.ಆರ್. ಪೇಟೆಯಲ್ಲಿ ಒಬ್ಬ ಮನುಷ್ಯರ ಡಾಕ್ಟರ ಹತ್ತಿರ ಹೋದೆ. ಹಿಂದೆ ಅಲ್ಲಿ ಕೆಲಸ ಮಾಡಿದ್ದರಿಂದ ಪರಿಚಯ. ಮುಂದೆ ಕ್ಲಿನಿಕ್ಕು, ಹಿಂದೆ ಮನೆ.

ನಿಧಾನವಾಗಿ ಎಲ್ಲ ಕೇಳಿದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಉರಿ ಬಂದಾಗ ಅಗಿಯಲು ಸೋಂಪಿನ ವಾಸನೆಯ ಗುಲಾಬಿ ಮಾತ್ರೆ ಬರೆದರು. ಆಮೇಲೆ ಬೆರಳು ಮಡಿಸುತ್ತಾ ಹೇಳಿದರು: "ಕಾಫಿ ಬಿಡಿ. ಟೀ ಬಿಡಿ. ಕರಿದಿದ್ದು ಮುಟ್ಟಬೇಡಿ. ಖಾರ, ಮಸಾಲೆ, ಮಟನ್ನು ಸದ್ಯಕ್ಕೆ ಬೇಡ. ಉಂಡ ತಕ್ಷಣ ಮಲಗಬೇಡಿ. ಮಂಚಕ್ಕೆ ತಲೆಯ ಕಡೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರ ಮಾಡಿಕೊಳ್ಳಿ. ಇದರಲ್ಲಿ ಒಂದು ತಪ್ಪಿದರೂ ನನ್ನ ಹತ್ತಿರ ಬರಬೇಡಿ."

ಹೂಂ ಅಂದು ಎದ್ದೆ.

"ಎಲ್ಲಿ ಹೊರಟ್ರಿ? ಬಂದಿದ್ದೀರಲ್ಲ, ನಮ್ಮ ನಾಯಿ ಎರಡು ದಿನದಿಂದ ಊಟ ಬಿಟ್ಟಿದೆ, ಒಂಚೂರು ನೋಡಿ" ಅಂತ ಹಿಂದಕ್ಕೆ ಕರೆದುಕೊಂಡು ಹೋದರು. ನಾಯಿಗೆ ಏನೂ ಆಗಿರಲಿಲ್ಲ, ಮನೆಯವರೆಲ್ಲ ಸೇರಿ ಬಿಸ್ಕತ್ತು ಹಾಕಿ ಹಾಕಿ ಹೊಟ್ಟೆ ಕೆಡಿಸಿದ್ದರು. ಒಂದು ಹೊತ್ತು ಉಪವಾಸ ಹಾಕಿ, ಬಿಸ್ಕತ್ತು ನಿಲ್ಲಿಸಿ ಅಂದೆ. ಅಷ್ಟರಲ್ಲಿ ಅವರ ಮನೆಯವರು ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ, ದೊಡ್ಡ ಲೋಟದಲ್ಲಿ ಕಾಫಿ ತಂದಿಟ್ಟರು.

ನಾನು ಡಾಕ್ಟರ ಮುಖ ನೋಡಿದೆ. ಡಾಕ್ಟರು ನನ್ನ ಮುಖ ನೋಡಿದರು.

"ಸಾರ್, ನೀವೇ ಈಗ ತಾನೇ..."

"ಅದು ಅಲ್ಲಿ, ಕ್ಲಿನಿಕ್ಕಲ್ಲಿ ಹೇಳಿದ್ದು" ಅಂದರು ಡಾಕ್ಟರು. "ಇದು ಮನೆ. ಮನೆಗೆ ಬಂದು ಕಾಫಿ ಕುಡೀದೆ ಹೋದರೆ ನಮ್ಮನೆಯವರು ಏನಂದ್ಕೋತಾರೆ? ತಗೊಳ್ಳಿ, ಮಾತ್ರೆ ಬರ್ದಿದ್ದೀನಲ್ಲ."

ಅವತ್ತು ಅವರ ಮನೆಯಲ್ಲಿ ಪಥ್ಯ ಮಾಡಿದ್ದು ನಾಯಿ ಒಂದೇ.

ಗೌರಿಗೆ ಕೊಟ್ಟು ಮಿಕ್ಕಿದ್ದು

ದೇವಲಾಪುರದ ಹತ್ತಿರ ಒಬ್ಬ ಅಜ್ಜಿ ಇದೆ. ಅದರ ಹಸು ಗೌರಿ ಅಲಸಂದೆ ಸೊಪ್ಪು ಮೇದು ಹೊಟ್ಟೆ ಉಬ್ಬರಿಸಿಕೊಂಡಿತ್ತು. ನಾನು ಹೋಗಿ ಒಂದು ಬಾಟಲಿ ಔಷಧಿ ಕೊಟ್ಟು, ಈಗ ಅರ್ಧ, ಸಂಜೆಗೆ ಬೇಕಾದರೆ ಅರ್ಧ ಅಂದು ಬಂದಿದ್ದೆ. ಅರ್ಧಕ್ಕೇ ಗೌರಿ ಎದ್ದು ನಿಂತಿತ್ತು.

ವಾರದ ಮೇಲೆ ನೋಡಲು ಹೋದರೆ, ಅಜ್ಜಿ ನಾನು ಎದೆ ನೀವಿಕೊಳ್ಳುವುದನ್ನು ಕಂಡಿತು.

"ಏನಪ್ಪ, ಒಟ್ಟೆ ಉಬ್ಬರವಾ?"

"ಎದೆಯುರಿ ಅಜ್ಜಿ."

"ಉಳಿ ತೇಗು ಬತ್ತದಾ? ಉಂಡಿದ್ದು ಗಂಟ್ಲಿಗ್ ಬತ್ತದಾ?"

"ಬರ್ತದೆ."

"ಗೌರಿಗೂ ಇಂಗೇ ಆಗಿತ್ತಲ್ಲ" ಅಂತ ಅಜ್ಜಿ ಒಳಗೆ ಹೋಗಿ ಆ ಅರ್ಧ ಬಾಟಲಿಯನ್ನೂ, ದನದ ಬಾಯಿಗೆ ಔಷಧಿ ಹುಯ್ಯುವ ಬಿದಿರಿನ ಗೊಟ್ಟವನ್ನೂ ತಂದಿತು. "ಬಾಯ್ ತಗಿ."

"ಅಜ್ಜಿ, ಅದು ದನದ ಔಷಧಿ!"

"ಕೊಟ್ಟೋನು ನೀನೇಯಾ ಅಲ್ವಾ?"

"ನಾನೇ ಕೊಟ್ಟಿದ್ದು."

"ಮತ್ತೆ ನನ್ ಮಗ್ಳಂಗಿರೋ ಗೌರಿಗೆ ಕೊಡುವಾಗ ಒಳ್ಳೇ ಔಸ್ದಿ, ನಿನ್ ಬಾಯ್ಗಾದ್ರೆ ಕೆಟ್ ಔಸ್ದಿಯಾ? ಅದ್ರಲ್ಲೇನ್ ಬೆರೆಸಿದ್ದೀಯ ನಿಜ ಯೋಳು."

ನನ್ನ ಪರಿಸ್ಥಿತಿ ನೋಡಿ. ಕುಡಿದರೆ ಹೊಟ್ಟೆ ಹೋಗುತ್ತದೆ, ಕುಡಿಯದಿದ್ದರೆ ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ. ಸುತ್ತ ಆಗಲೇ ನಾಲ್ಕು ಜನ ಸೇರಿದ್ದರು. ಬುದ್ಧಿ ಓಡಿಸಿ, "ಅಜ್ಜಿ, ಗೌರಿ ಮುನ್ನೂರು ಕೆಜಿ, ನಾನು ಅರವತ್ತು. ನಂಗೆ ಜಾಸ್ತಿ ಆಗ್ಬುಡ್ತದೆ" ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಅಳೆಯಿತು. "ಅಂಗಾರೆ ಕರುವಿನ್ ಲೆಕ್ಕದಲ್ಲಿ ಕುಡಿ" ಅಂತ ಅರ್ಧ ಗೊಟ್ಟ ಬಗ್ಗಿಸಿತು.

ಕೊನೆಗೆ, ಇಂಗ್ಲಿಷ್ ಮಾತ್ರೆ ನುಂಗಿದ್ದೇನೆ, ಎರಡು ಸೇರಿದರೆ ಕೆಡುತ್ತದೆ ಅಂತ ದೇವರಾಣೆ ಮಾಡಿ ತಪ್ಪಿಸಿಕೊಂಡೆ. ಆದರೆ ಈಗಲೂ ಆ ಊರಲ್ಲಿ ನನ್ನ ಬೈಕು ಕಂಡರೆ ಅಜ್ಜಿ ಬೀದಿಗೆ ಬಂದು ನಿಂತು, ಎಲ್ಲರಿಗೂ ಕೇಳುವ ಹಾಗೆ ವಿಚಾರಿಸುತ್ತದೆ: "ಏನ್ ಡಾಕ್ಟ್ರೇ, ಮೇವು ಸರಿಯಾಗ್ ಅರಗ್ತಾ ಅದಾ?"

ಇಟ್ಟಿಗೆ

ಡಾಕ್ಟರು ಹೇಳಿದ್ದರಲ್ಲ, ಮಂಚಕ್ಕೆ ಇಟ್ಟಿಗೆ ಇಡಿ ಅಂತ. ನಾನು ಕ್ಯಾಂಪಿಗೆ ಹೋಗುವಾಗ ನಮ್ಮವ್ವನಿಗೆ ಹೇಳಿ ಹೋಗಿದ್ದೆ. ಬಂದು ನೋಡಿದರೆ ಇಟ್ಟಿಗೆ ಇಟ್ಟಿತ್ತು, ಉತ್ತರದ ಕಡೆ. ದಕ್ಷಿಣದ ಕಡೆ ಮಂಚದ ಕೆಳಗೆ ಮದುವೆ ಪಾತ್ರೆ ತುಂಬಿದ ಟ್ರಂಕು ಇದ್ದದ್ದರಿಂದ ಅಲ್ಲಿ ಇಡಲು ಆಗಿರಲಿಲ್ಲ.

ಸರಿ, ದಿಂಬನ್ನು ಉತ್ತರಕ್ಕೆ ಹಾಕಿದೆ.

ಅವ್ವ ಓಡಿ ಬಂತು. "ಉತ್ತರಕ್ಕೆ ತಲೆ ಆಕಂಡು ಯಾರಾರ ಮಲಗ್ತಾರಾ? ಅದೂ ಮದ್ವೆ ಇರೋ ಮನೇಲಿ! ತಗಿ ದಿಂಬ."

"ಇಟ್ಟಿಗೆ ಆ ಕಡೆ ಅವೆಯಲ್ಲವ್ವ?"

"ಇಟ್ಟಿಗೆ ಇಡಿ ಅಂತ ತಾನೇ ಡಾಕ್ಟ್ರು ಅಂದಿದ್ದು? ಇಟ್ಟದೆ. ತಲೆ ದಕ್ಷಿಣಕ್ಕಿರ್ಬೇಕು. ಇರ್ತದೆ. ಡಾಕ್ಟ್ರು ಮಾತೂ ನಡೀತು, ಸಾಸ್ತ್ರಾನೂ ನಡೀತು. ಇನ್ನೇನು?"

ಮದುವೆ ಮನೆಯಲ್ಲಿ ಅವ್ವನ ಹತ್ತಿರ ಜಗಳ ಯಾಕೆ ಅಂತ ದಿಂಬನ್ನು ಮತ್ತೆ ದಕ್ಷಿಣಕ್ಕೆ ಹಾಕಿದೆ. ಇಟ್ಟಿಗೆ ಎಲ್ಲಿದ್ದರೂ ಸ್ವಲ್ಪವಾದರೂ ಗುಣ ಕೊಟ್ಟೀತು ಅನ್ನುವ ದೂರದ ಆಸೆಯೂ ಇತ್ತು. ನಾಲ್ಕು ದಿನ ಇಳಿಜಾರಿನಲ್ಲಿ ತಲೆ ಕೆಳಗೆ ಮಾಡಿ ಮಲಗಿದೆ. ರಾತ್ರಿ ಉಂಡ ಸಾರು ನಡುರಾತ್ರಿ ಮೂಗಿಗೆ ಬರುತ್ತಿತ್ತು.

ಐದನೇ ದಿನ ಮತ್ತೆ ಕೆ.ಆರ್. ಪೇಟೆಗೆ ಓಡಿದೆ. ಡಾಕ್ಟರು ಕೇಳಿದರು: "ಇಟ್ಟಿಗೆ ಇಟ್ಟು ಎತ್ತರ ಮಾಡಿದ್ರಾ?"

"ಮಾಡಿದ್ದೀವಿ ಸಾರ್."

"ಮತ್ತೆ ಜಾಸ್ತಿ ಆಯ್ತು ಅಂತೀರ? ತಲೆ ಎತ್ತರದಲ್ಲಿ ಇದೆ ತಾನೆ?"

"ಎತ್ತರದಲ್ಲಿ ಸದ್ಯಕ್ಕೆ ಕಾಲು ಇದೆ ಸಾರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗಲು ಶುರು ಮಾಡಿದವರು, ಮುಂದಿನ ಪೇಷೆಂಟು ಬಂದು ಕೂತರೂ ನಿಲ್ಲಿಸಲಿಲ್ಲ.

ಹೀರಾ ಕೇಳಿದ ಮಾತು

ಮದುವೆಗೆ ಇನ್ನು ಆರೇ ವಾರ. ಟ್ರಂಕು ಸರಿಸಿ ಇಟ್ಟಿಗೆ ದಕ್ಷಿಣಕ್ಕೆ ಬಂದವು, ಒಂದಿಷ್ಟು ವಾಸಿ. ಆದರೆ ಕಾಫಿ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ, ಹೀಗಾಗಿ ಉರಿಯೂ ನಿಲ್ಲಲಿಲ್ಲ.

ಒಂದು ಭಾನುವಾರ ಶ್ರೀರಂಗಪಟ್ಟಣದ ಕೋಟೆ ಹತ್ತಿರ ಜಟಕಾ ಸಾಬರು ಸಿಕ್ಕರು. ಟೂರಿಸ್ಟುಗಳನ್ನು ಗಾಡಿಯಲ್ಲಿ ಸುತ್ತಿಸುವವರು. ಅವರ ಕುದುರೆ ಹೀರಾಗೆ ಹೊಟ್ಟೆನೋವು ಬಂದು ಬಿದ್ದಾಗ ನಾನೇ ನೋಡಿದ್ದೆ. ನನ್ನ ಮುಖ ನೋಡಿ, "ಕ್ಯಾ ಹುವಾ ಡಾಕ್ಟರ್ ಸಾಬ್, ಸುಸ್ತಾಗಿ ಬುಟ್ಟಿದ್ದೀರಿ?" ಅಂದರು.

ಹೇಳಬಾರದು ಅಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಇನ್ನೊಂದು ಕಷಾಯಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದೆ.

ಸಾಬರು ಕಷಾಯ ಹೇಳಲಿಲ್ಲ. ಹೀರಾನ ಕುತ್ತಿಗೆ ಸವರುತ್ತಾ ಹೇಳಿದರು: "ನೋಡಿ ಸಾಬ್, ಒಂದೇ ಸಲ ಹೊಟ್ಟೆ ತುಂಬಾ ತಿನ್ಬ್ಯಾಡಿ. ದಿನಕ್ಕೆ ನಾಕೈದು ಸಲ, ಥೋಡಾ ಥೋಡಾ ತಿನ್ನಿ. ತಿಂದ ತಕ್ಷಣ ಮಲಗಬ್ಯಾಡಿ, ನಿಧಾನಕ್ಕೆ ಓಡಾಡಿ. ಯಾರೋ ಪ್ರೀತಿಗೆ ಕೊಟ್ರು ಅಂತ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಬ್ಯಾಡಿ. ಒಂದ್ ತಿಂಗಳು ಹಿಂಗೆ ಮಾಡಿ, ಆರಾಮ್ ಆಗ್ತದೆ."

ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಇಷ್ಟು ದಿನದಲ್ಲಿ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. "ಎಷ್ಟು ಚೆನ್ನಾಗಿ ಹೇಳಿದ್ರಿ ಸಾಬ್ರೇ! ಯಾವ ಡಾಕ್ಟ್ರು ಹೇಳಿದ್ದು ಇದು?"

ಸಾಬರು ನನ್ನನ್ನೇ ದಿಟ್ಟಿಸಿದರು. "ಅರೆ, ನೀವೇ ಅಲ್ವಾ ಸಾಬ್, ಹೋದ್ ವರ್ಷ ಹೀರಾಗೆ ಹೇಳಿದ್ದು? ಅದು ಕೇಳ್ತು, ಆರಾಮಾಯ್ತು. ನೀವು ಕೇಳ್ಲಿಲ್ಲ."

ಹೀರಾ ತಲೆ ಅಲ್ಲಾಡಿಸಿತು. ನಾಚಿಕೆಯಾಗಿ ಮನೆಗೆ ಬಂದೆ. ಅವತ್ತಿಂದ ಹೀರಾನ ಪಥ್ಯ ಹಿಡಿದೆ. ಹಳ್ಳಿಗಳಲ್ಲಿ ಯಾರೇ ಕಾಫಿ ತಂದರೂ ಬೇರೆ ಲೋಟಕ್ಕೆ ಎರಡು ಗುಟುಕು ಬಗ್ಗಿಸಿಕೊಂಡು, ಮಿಕ್ಕಿದ್ದನ್ನು ಮನೆಯವರ ಕೈಗೇ ಕೊಟ್ಟು ನೀವೂ ಕುಡೀರಿ ಅನ್ನುವುದು ಕಲಿತೆ. ಊಟ ಆದ ಮೇಲೆ ಕೋಟೆ ರಸ್ತೆಯಲ್ಲಿ ನಡಿಗೆ. ಒಂದು ತಿಂಗಳಿಗೆ ಉರಿ ಮುಕ್ಕಾಲು ಪಾಲು ಇಳಿಯಿತು. ಮನಸ್ಸು ಹಗುರಾಯಿತು. ಮದುವೆಯೂ ಸುಖವಾಗಿ ಮುಗಿಯಿತು. ಉಳಿದದ್ದು ಆ ಒಂದು ಎಲೆ ಮಾತ್ರ.

ಆ ಒಂದು ಎಲೆ

ಬೀಗರ ಊಟದ ದಿನ ಬಿಂಡಿಗನವಿಲೆ ಕಡೆಯ ಆ ಊರಲ್ಲಿ ಶಾಮಿಯಾನ ಹಾಕಿ, ಉದ್ದಕ್ಕೆ ಟೇಬಲ್ ಜೋಡಿಸಿದ್ದರು. ಮೊದಲ ಪಂಕ್ತಿಯ ನಡುವೆ ಬೀಗರು, ಅವರ ಪಕ್ಕ ನಾನು, ನನ್ನ ಆ ಪಕ್ಕ ನನ್ನ ಸೋದರಮಾವ. ಈಗ ಎಪ್ಪತ್ತೆಂಟು ವಯಸ್ಸು ಅವರಿಗೆ. ನನ್ನ ಹೆಂಡತಿ ಅವರನ್ನು ಕೂರಿಸುವಾಗಲೇ, "ಮಾವ, ಇವತ್ತಾದ್ರೂ ಎಲೆ ಬಗ್ಗೆ ಗ್ಯಾನ ಇರ್ಲಿ" ಅಂದಿದ್ದಳು. ಅವರು ಎಂದಿನಂತೆ ಚಪ್ಪಲಿ ನೋಡಿಕೊಂಡು ನಕ್ಕಿದ್ದರು.

ನಮ್ಮ ಮೂವರ ಎಲೆಗೆ ಬಡಿಸಲು ನನ್ನ ಹೆಂಡತಿ, ಬೀಗಿತ್ತಿ ಇಬ್ಬರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಮುದ್ದೆ ಬಂತು. ಬೋಟಿ ಗೊಜ್ಜು ಬಂತು. ಮಟನ್ ಸಾರು, ಚಾಪ್ಸು, ಮೇಲೆ ಬೇಯಿಸಿದ ಮೊಟ್ಟೆ, ಅದರ ಮೇಲೆ ಬಿರಿಯಾನಿ. ಎಲೆಯ ಹಸಿರು ಎಲ್ಲೂ ಕಾಣುತ್ತಿರಲಿಲ್ಲ. ಎದುರಿಗೆ ಮದುಮಗಳಾದ ನನ್ನ ಮಗಳು ನಿಂತು ನನ್ನ ಎಲೆಯನ್ನೇ ನೋಡುತ್ತಿದ್ದಳು.

"ತಿನ್ನಿ ಬೀಗ್ರೆ" ಅಂದರು ಬೀಗರು.

"ನೀವೂ ತಿನ್ನಿ ಬೀಗ್ರೆ" ಅಂದೆ.

ಇಬ್ಬರೂ ತುತ್ತು ಎತ್ತಿದೆವು. ಪಂಕ್ತಿ ಶುರುವಾಯಿತು. ನಾಲ್ಕು ತುತ್ತಿಗೆ ಎದೆಯಲ್ಲಿ ಹಳೇ ಒಲೆ ಹತ್ತಿಕೊಂಡಿತು. ಹೀರಾನ ಪಥ್ಯಕ್ಕೆ ಒಗ್ಗಿದ ಹೊಟ್ಟೆ ಇಷ್ಟನ್ನು ಕಂಡು ಬೆದರಿತ್ತು. ಮಗಳ ಮುಖ ನೋಡಿ ಐದನೇ ತುತ್ತು ನುಂಗಿದೆ. ಆರನೆಯದು ಒಳಗೆ ಇಳಿಯಲಿಲ್ಲ. ಯಾರಿಗೂ ಕಾಣದ ಹಾಗೆ ಎಡಗೈ ಜೇಬಿಗೆ ಹಾಕಿ ಗುಲಾಬಿ ಮಾತ್ರೆ ಶೀಟು ಎಳೆದೆ. ಎಳೆಯುವಾಗ ಪಕ್ಕದಲ್ಲೂ ಚರಚರ ಅಂತ ಅದೇ ಸದ್ದು.

ತಿರುಗಿ ನೋಡಿದರೆ ಬೀಗರ ಕೈಯಲ್ಲೂ ಅದೇ ಶೀಟು, ಅದೇ ಗುಲಾಬಿ ಮಾತ್ರೆ.

"ನೀವೂ...?" ಅಂದೆ.

"ಮೂರ್ ವರ್ಸಾಯ್ತು ಬೀಗ್ರೆ" ಅಂದರು ಮೆಲ್ಲಗೆ. "ಮಾತ್ರೆ ಕುರಿ ಹಟ್ಟೀಲಿ ಮಡಗಿರ್ತೀನಿ. ನೀವ್ ಬಂದೋದಾಗೆಲ್ಲ ನಂಗೆ ಒಂದ್ ವಾರ ಗಂಜಿ. ಬೀಗರ್ ಜೊತೆ ಕುಂತು ತಿನ್ನದಿದ್ರೆ ನೀವೇನ್ ಅನ್ಕತೀರೋ ಅಂತ ತಿಂತಿದ್ದೆ."

"ನೀವು ತಿಂತೀರಲ್ಲಾ ಅಂತ ನಾನ್ ತಿಂತಿದ್ದೆ ಬೀಗ್ರೆ!"

ಇಬ್ಬರೂ ಒಬ್ಬರ ಎದೆಗೆ ಒಬ್ಬರು ಕೊಳ್ಳಿ ಇಟ್ಟುಕೊಂಡು ಬಂದಿದ್ದೆವು. ಅಷ್ಟರಲ್ಲಿ ಬೀಗಿತ್ತಿ ಟೇಬಲ್ಲಿನ ಕೆಳಗಿಂದ ಒಂದು ಸ್ಟೀಲ್ ಡಬ್ಬ ತೆಗೆದರು. ಮುಚ್ಚಳ ತೆಗೆದರೆ ಮಜ್ಜಿಗೆ ಅನ್ನ, ಕೊತ್ತಂಬರಿ ಸೊಪ್ಪು ಬೇರೆ ಹಾಕಿತ್ತು.

"ನಾನೂ ನಿಮ್ಮನೆಯೋರೂ ಒಂದ್ ತಿಂಗ್ಳಿಂದ ಫೋನಲ್ಲಿ ಮಾತಾಡ್ಕತಾನೇ ಇದೀವಿ ಅಣ್ಣಾ" ಅಂದರು ನಗುತ್ತಾ. "ಇವ್ರಿಬ್ರಲ್ಲಿ ಯಾರ್ ಮೊದ್ಲು ಬಾಯ್ ಬುಡ್ತಾರೆ ನೋಡವ ಅಂತ ಕಾಯ್ತಿದ್ದೋ."

ದಿನಾ ಸಂಜೆ ಆ ಫೋನು ಸೀರೆ ವಿಷಯಕ್ಕೆ ಅಂತ ನಾನು ತಿಳಿದಿದ್ದೆ. ಇಬ್ಬರ ಎಲೆಯನ್ನೂ ಒಟ್ಟಿಗೆ ಎತ್ತಿಸಿ, ಹೊಸ ಎಲೆ ಹಾಕಿ, ಮಜ್ಜಿಗೆ ಅನ್ನ ಬಡಿಸಿದರು. ಬೀಗರೂ ಬಿಟ್ಟರು, ನಾನೂ ಬಿಟ್ಟೆ. ಇನ್ನು ಯಾರು ಯಾರನ್ನು ಆಡಿಕೊಳ್ಳುವುದು? ಎದುರಿಗೆ ನನ್ನ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಮೊದಲ ತುತ್ತು ಮಜ್ಜಿಗೆ ಅನ್ನ ಒಳಗೆ ಇಳಿದಾಗ ಆದ ಸುಖ ನನಗೆ ಈ ಜನ್ಮದಲ್ಲಿ ಯಾವ ಬಾಡೂಟದಲ್ಲೂ ಆಗಿರಲಿಲ್ಲ.

ಆಗ ನನ್ನ ಎಡಗಡೆಯಿಂದ ಒಂದು ಸಣ್ಣ ದನಿ ಬಂತು. "ಅವ್ವಾ, ಆ ಮಜ್ಜಿಗೆ ಅನ್ನ ಒಂಚೂರು ಇತ್ಲಾಗೂ ಆಕು."

ಸೋದರಮಾವ. ಅವರ ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು.

ನನ್ನ ಹೆಂಡತಿ ಸೌಟು ಹಿಡಿದು ಹಾಗೇ ನಿಂತಳು. "ನಿಮ್ಗ್ಯಾಕೆ ಮಾವ?"

"ನಂಗೂ ಇದೇ ಉರಿ ಕಣವ್ವ."

"ಯಾವತ್ತಿಂದ?"

"ನಿಮ್ ಮದ್ವೆಗೆ ಮುಂಚಿಂದ್ಲೂವೆ."

ಹೆಂಡತಿಯ ಮುಖದ ಬಣ್ಣ ಬದಲಾಯಿತು. "ಅಂಗಾದ್ರೆ... ಆವತ್ತು ನಮ್ಮಪ್ಪನ ಮನೇಲಿ, ಎಲೇಲಿ ಬುಟ್ರಲ್ಲ..."

"ಊಂ. ಅದ್ಕೇಯಾ."

ಅವಳ ಕಣ್ಣು ತುಂಬಿ ಬಂತು. ಸೌಟನ್ನು ಡಬ್ಬದಲ್ಲಿ ಇಟ್ಟು, ಅವರ ಪಕ್ಕ ಬಗ್ಗಿ ನಿಂತು ಕೇಳಿದಳು. "ಇಪ್ಪತ್ತೆಂಟ್ ವರ್ಸ ನನ್ ಕೈಲಿ ಬೈಸ್ಕಂಡ್ರಲ್ಲ ಮಾವ. ಎದೆಯುರಿ ಅಂತ ಒಂದ್ ಮಾತು ಹೇಳ್ಬುಟ್ಟಿದ್ರೆ ಆಗ್ತಿರ್ನಿಲ್ವಾ?"

ಸೋದರಮಾವ ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಎದೆಯುರಿ ಅನ್ನುವ ಮಾತು ಪಂಕ್ತಿಯ ಕಿವಿಗೆ ಬಿದ್ದಿತ್ತು.

"ಎದೆಯುರಿ ಯಾರ್ಗೆ, ತಾತಂಗಾ? ಬೂದ್ಗುಂಬಳಕಾಯ್ ರಸ ಕುಡುಸ್ರಿ" ಅಂದರು ಎದುರಿನವರು. "ಏ, ಅದೆಲ್ಲ ಅಲ್ಲ, ಜೀರಿಗೆ ಉರುದು ಕಷಾಯ ಮಾಡ್ಬೇಕು" ಅಂದಿತು ಪಕ್ಕದ ಟೇಬಲ್ಲು. "ನಮ್ ಭಾವಮೈದಂಗೆ ಬೇವಿನ ಚಕ್ಕೇಲೇ ವಾಸಿಯಾಯ್ತು" ಅಂತ ಒಬ್ಬರು ಮೂಳೆ ಹಿಡಿದುಕೊಂಡೇ ಎದ್ದು ಬಂದರು. ಹಿಂದಿನಿಂದ ಯಾರೋ "ಒಳಗೋಗಿ ಶುಂಠಿ ಜಜ್ಜುಸ್ರಿ, ಈಗ್ಲೇ ಕುಡುಸ್ಬುಡವ" ಅಂತ ಕೂಗಿದರು.

ಸೋದರಮಾವ ಅವರನ್ನೆಲ್ಲ ಒಂದು ಸುತ್ತು ನೋಡಿ, ನನ್ನ ಹೆಂಡತಿಯ ಕಡೆ ತಿರುಗಿದರು.

"ಕಂಡ್ಯಾ? ಅದ್ಕೇ ಹೇಳ್ನಿಲ್ಲ" ಅಂದರು. "ಬೈಗ್ಳ ಆದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬುಟ್ಬುಡ್ಬೋದು. ಕಷಾಯ ಕುಡೀಬೇಕಲ್ಲವ್ವ!"